ಅಜಾಗರೂಕತೆಯಿಂದ

ಬೂದವ್ವನ ಅಂಗೈಯಲ್ಲಿ ಗೆರೆಗಳಿರಲಿಲ್ಲ. ಇಪ್ಪತ್ತೆರಡು ವರ್ಷ ಬೂದಿನೀರಿನಲ್ಲಿ ಅದ್ದಿ ಅದ್ದಿ ಎಲ್ಲ ಸವೆದುಹೋಗಿದ್ದವು. ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಒಮ್ಮೆ ಓಣಿಗೆ ಬಂದು, ಅವಳ ಕೈ ಹಿಡಿದು ಬೆಪ್ಪಾಗಿದ್ದ. "ಇದರಲ್ಲಿ ಏನೂ ಬರ್ದಿಲ್ವಲ್ಲಮ್ಮ" ಅಂದ. "ಬರ್ದಿದ್ದನ್ನೆಲ್ಲ ತೊಳೆಯೋದೇ ನನ್ನ ಕೆಲಸ ಕಣಪ್ಪ" ಅಂದಿದ್ದಳು ಅವಳು.

ನಿಜಕ್ಕೂ ಅದೇ ಅವಳ ಕೆಲಸ. ಪತ್ರಿಕೆ ಅಚ್ಚಾಗುವ ಕಟ್ಟಡದ ಹಿಂಭಾಗದಲ್ಲಿ, ಚರಂಡಿಗೆ ಹೊಂದಿಕೊಂಡ ಹಾಗೆ ಒಂದು ಕಲ್ಲುಚಪ್ಪಡಿ. ಒಳಗೆ ಸೀಸದ ಅಕ್ಷರಗಳನ್ನು, ಅಂದರೆ ಮೊಳೆಗಳನ್ನು, ಸಾಲಾಗಿ ಜೋಡಿಸಿ ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿಯುತ್ತಿದ್ದರು. ಅಚ್ಚು ಹಾಕಿದ ಮೇಲೆ ಮಸಿ ಮೆತ್ತಿದ ಆ ಚೌಕಟ್ಟು ಅವಳ ಚಪ್ಪಡಿಗೆ ಬರುತ್ತಿತ್ತು. ಕುದಿಯುವ ಬೂದಿನೀರು ಸುರಿದು, ಗಡುಸು ಕುಂಚದಿಂದ ಉಜ್ಜಿ, ಮೊಳೆ ಹೊಳೆಯುವ ತನಕ ತೊಳೆಯಬೇಕು. ಉಗುರುಗಳು ಎರಡನೇ ವರ್ಷವೇ ಹೋದವು. ಬೆರಳ ಸಂದು ಒಡೆಯುತ್ತಿತ್ತು. ಆ ಬಿರುಕಿಗೆ ಬೂದಿನೀರು ಇಳಿದರೆ ಜೀವ ಬಾಯಿಗೆ ಬರುತ್ತಿತ್ತು. ಅಭ್ಯಾಸವಾಗುತ್ತೆ ಅಂದಿದ್ದರು. ಆಗಲಿಲ್ಲ.

ಅವಳು ಬರುವುದು ಹಿಂಬಾಗಿಲಿಂದ, ಹೋಗುವುದೂ ಹಿಂಬಾಗಿಲಿಂದ. ಚರಂಡಿ ಓಣಿಯವರು ಮುಂಬಾಗಿಲು ತುಳಿಯುವಂತಿರಲಿಲ್ಲ. ಹಾಳೆ ಮುಟ್ಟುವಂತಿರಲಿಲ್ಲ. "ನಿಮ್ಮ ಕೈ ತಾಗಿದ ಪೇಪರ್ ಯಾರು ಕೊಳ್ತಾರೆ?" ಅನ್ನುತ್ತಿದ್ದ ಮೇಸ್ತ್ರಿ. ಸೀಸಕ್ಕೆ ಆ ಕೈ ಆಗುತ್ತಿತ್ತು. ಕಾಗದಕ್ಕೆ ಆಗುತ್ತಿರಲಿಲ್ಲ.

ಯಾರೂ ಅವಳಿಗೆ ಅಕ್ಷರ ಕಲಿಸಲಿಲ್ಲ. ಒಳಗೆ ಅಕ್ಷರ ಜೋಡಿಸುವ ಮುದುಕನೊಬ್ಬನಿದ್ದ, ಎಲ್ಲರ ಬಾಯಲ್ಲೂ ಮೊಳೆಯಜ್ಜ. ತೊಳೆದ ಮೊಳೆಗಳನ್ನು ಅವುಗಳ ಖಾನೆಗೆ ಹಾಕುವಾಗ ಒಂದೊಂದನ್ನೂ ಬಾಯಲ್ಲಿ ಗೊಣಗುವುದು ಅವನ ಚಾಳಿ. ಬೂದವ್ವ ಕಿಟಕಿಯಾಚೆಯಿಂದ ಅವನ ಕೈಯಲ್ಲಿನ ಮೊಳೆ ನೋಡುತ್ತ ಕೇಳಿಸಿಕೊಂಡಳು. ಐದಾರು ವರ್ಷದಲ್ಲಿ ಅವಳಿಗೆ ಓದು ಬಂತು. ಆದರೆ ಮೊಳೆಯ ಮೇಲೆ ಅಕ್ಷರ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅವಳು ಕಲಿತದ್ದು ಹಾಗೆಯೇ. ಸೀಸದಲ್ಲಿ ಸರಾಗವಾಗಿ ಓದುತ್ತಿದ್ದಳು, ಹಾಳೆಯ ಮೇಲೆ ಕಂಡರೆ ತಡವರಿಸುತ್ತಿದ್ದಳು.

ಈ ಗುಟ್ಟು ಗೊತ್ತಿದ್ದುದು ಸೊಸೆಗೆ ಮಾತ್ರ. "ಅತ್ತೆ, ನೀವು ಓದಬೇಕಂದ್ರೆ ಊರೆಲ್ಲ ಕನ್ನಡಿ ಹಿಡ್ಕೊಂಡು ನಿಲ್ಬೇಕು" ಅಂತ ನಕ್ಕು ನಕ್ಕು ಗೋಡೆಗೆ ಒರಗುತ್ತಿದ್ದಳು.

ಸೊಸೆ ಅಂದರೆ ಮಾತಿನ ಮಲ್ಲಿ. ಬೂದವ್ವನ ಮಗ ಮದುವೆಯಾದ ಎರಡೇ ವರ್ಷಕ್ಕೆ ಜ್ವರದಲ್ಲಿ ಹೋದ. ಸೊಸೆಯ ತಾಯಿ, ಅಂದರೆ ಬೂದವ್ವನ ಬೀಗಿತ್ತಿ, ನದಿಯಾಚೆಯ ಊರಲ್ಲಿ ಹಗ್ಗ ಹೊಸೆದು ಬದುಕುವವಳು. ಮಗಳನ್ನು ಕರೆದುಕೊಂಡು ಹೋಗಲು ಬಂದಳು. ಇನ್ನೂ ಹರೆಯದ ಹುಡುಗಿ, ಇನ್ನೊಂದು ಮನೆ ನೋಡೋಣ ಅಂದಳು. ಸೊಸೆ ಹೊರಡಲಿಲ್ಲ. "ನಾನು ಹೋದ್ರೆ ಅತ್ತೆ ಯಾರ ಹತ್ರ ಜಗಳ ಆಡ್ತಾರೆ?" ಅಂದಳು. ಬೀಗಿತ್ತಿ ಬಾಗಿಲಲ್ಲಿ ನಿಂತು ಬೂದವ್ವನಿಗೆ ಹೇಳಿದ್ದು ಒಂದೇ ಮಾತು: "ನನ್ನ ಮಗಳನ್ನ ನಿನ್ನ ಉಡಿಗೆ ಹಾಕಿ ಹೋಗ್ತಿದೀನಿ. ನೋಡ್ಕೋ."

ಆಗಲೇ ಉಗಿಯಂತ್ರ ಬಂದದ್ದು. ಅದಕ್ಕೂ ಮುಂಚೆ ಕೈಯಂತ್ರ. ಇಬ್ಬರು ಗಂಡಸರು ಹಿಡಿಕೆ ಎಳೆದೂ ಎಳೆದೂ ಗಂಟೆಗೆ ಇನ್ನೂರು ಹಾಳೆ ತೆಗೆದರೆ ಹೆಚ್ಚು. ಹೊಸ ಯಂತ್ರ ಗಂಟೆಗೆ ಸಾವಿರ ಉಗುಳುತ್ತಿತ್ತು. ಹಿಡಿಕೆ ಎಳೆಯುವವರನ್ನು ಮನೆಗೆ ಕಳಿಸಿದರು. ಯಂತ್ರದ ಬಾಯಿಗೆ ಒಂದೊಂದೇ ಹಾಳೆ ಕೊಡಲು ಅಗ್ಗದ, ಚುರುಕಿನ ಕೈಗಳು ಬೇಕಾದವು. ಅಷ್ಟು ಅಗ್ಗದ ಕೈ ಚರಂಡಿ ಓಣಿಯಲ್ಲಲ್ಲದೆ ಬೇರೆಲ್ಲಿ ಸಿಗಬೇಕು? ಹಾಳೆ ಮುಟ್ಟಬಾರದೆಂಬ ಕಟ್ಟಳೆ ಒಂದೇ ದಿನದಲ್ಲಿ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ.

ಸೊಸೆಯನ್ನು ಆ ಕೆಲಸಕ್ಕೆ ಸೇರಿಸಿ ಅಂತ ಮೇಸ್ತ್ರಿಯ ಮುಂದೆ ಕೈಮುಗಿದು ನಿಂತವಳು ಬೂದವ್ವನೇ. ತನ್ನ ಹಾಗೆ ಆ ಹುಡುಗಿಯ ಉಗುರು ಹೋಗುವುದು ಬೇಡ, ಒಣಗಿದ ಜಾಗದಲ್ಲಿ ನಿಂತು ಕೆಲಸ ಮಾಡಲಿ ಅಂತ.

ಯಂತ್ರದ ಪಕ್ಕದಲ್ಲಿ ಚರ್ಮದ ಪಟ್ಟಿ ಓಡುತ್ತಿತ್ತು, ಅದರಡಿ ಹಲ್ಲುಚಕ್ರಗಳು. ಅವುಗಳಿಗೆ ಅಡ್ಡವಾಗಿ ಒಂದು ಹಲಗೆ. ಪತ್ರಿಕೆಗೆ ಇಪ್ಪತ್ತೈದು ವರ್ಷ ತುಂಬಿತೆಂದು ವಿಶೇಷ ಸಂಚಿಕೆ ಹೊರಡಿಸಿದರು. ಹಾಳೆ ಮಾಮೂಲಿಗಿಂತ ಅಗಲ. ಹಲಗೆ ಅಡ್ಡ ಬಂತು. ಮೇಸ್ತ್ರಿ ಹಲಗೆ ಕೀಳಿಸಿ ಮೂಲೆಗೆ ಒರಗಿಸಿದ. ವಿಶೇಷ ಸಂಚಿಕೆ ಮುಗಿದರೂ ಹಲಗೆ ಮೂಲೆಯಲ್ಲೇ ಇತ್ತು. ಹಲಗೆ ಇಲ್ಲದಿದ್ದರೆ ಕೈ ಬೇಗ ಆಡುತ್ತೆ, ಗಂಟೆಗೆ ಎಂಬತ್ತು ಹಾಳೆ ಹೆಚ್ಚು ಅನ್ನುವುದು ಅವನಿಗೆ ತಿಳಿದುಬಿಟ್ಟಿತ್ತು.

"ಹಲಗೆ ಹಾಕ್ಸಿ ಮೇಸ್ತ್ರಿ, ತೋಳು ಹಿಡಿಯುತ್ತೆ" ಅಂತ ಸೊಸೆ ಎರಡು ಸಲ ಹೇಳಿದಳು.

"ತೋಳು ಮಡಚ್ಕೋ. ಅದನ್ನೂ ನಾನೇ ಬಂದು ಮಡಚ್ಬೇಕಾ?" ಅಂದ ಅವನು. ಗಂಡಸರು ನಕ್ಕರು.

ಆ ಸಂಚಿಕೆ ಮುಗಿದ ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಚಕ್ರ ಅವಳ ತೋಳು ಹಿಡಿಯಿತು. ಬೂದವ್ವ ಹಿತ್ತಿಲಲ್ಲಿ ಬೂದಿನೀರು ಕಲಕುತ್ತಿದ್ದಳು. ಕೂಗು ಕೇಳಲಿಲ್ಲ, ಯಂತ್ರದ ಸದ್ದು ಅಷ್ಟಿತ್ತು. ಸದ್ದು ನಿಂತದ್ದು ಕೇಳಿಸಿತು. ಹೊತ್ತಲ್ಲದ ಹೊತ್ತಲ್ಲಿ ಯಂತ್ರ ನಿಲ್ಲುವುದಿಲ್ಲ. ಕುಂಚ ಬಿಟ್ಟು ಓಡಿದಳು. ಮೇಸ್ತ್ರಿ ನಿಲ್ಲಿಸುವ ಮುಂಚೆ ಇನ್ನೂ ಹನ್ನೆರಡು ಹಾಳೆ ಅಚ್ಚಾಗಿ ಹೊರಗೆ ಬಿದ್ದಿದ್ದವು.

ಸೊಸೆಯನ್ನು ಹಾಳೆಯ ಕೋಣೆಯ ಮೇಜಿನ ಮೇಲೆ ಮಲಗಿಸಿದರು. ಭುಜದಿಂದ ಕೆಳಗೆ ನೋಡುವ ಹಾಗಿರಲಿಲ್ಲ. ಮುಖ ಮಾತ್ರ ಇದ್ದ ಹಾಗೇ ಇತ್ತು. ಏನೋ ಹೇಳಲು ಹೊರಟು ಮರೆತವಳ ಹಾಗೆ.

ಅಷ್ಟರಲ್ಲಿ ಮೇಸ್ತ್ರಿ ಬಾಗಿಲಲ್ಲಿ ನಿಂತ. ಅವನೂ ಬಿಳಿಚಿಕೊಂಡಿದ್ದ. ಆದರೂ ಕೇಳಿಯೇ ಬಿಟ್ಟ. "ಬೂದವ್ವ... ಚೌಕಟ್ಟು ಹೊಲಸಾಗಿದೆ. ಒಣಗಿದ್ರೆ ಮೊಳೆ ಕೆಡುತ್ತೆ. ಬೇರೆಯವ್ರಿಗೆ ಹೇಳ್ಲಾ?"

"ಬೇಡ" ಅಂದಳು ಬೂದವ್ವ. "ನಾನೇ ತೊಳೀತೀನಿ."

ಆ ರಕ್ತಕ್ಕೆ ಬೇರೆ ಯಾರೂ ಕೈ ಹಾಕುವುದು ಅವಳಿಗೆ ಬೇಕಿರಲಿಲ್ಲ. ಚಪ್ಪಡಿಯ ಮೇಲೆ ಚೌಕಟ್ಟು ಇಟ್ಟುಕೊಂಡು, ಬೂದಿನೀರು ಬೇಡವೆಂದು ಬರೀ ತಣ್ಣೀರು ಸುರಿದು, ಕುಂಚವನ್ನೂ ಬದಿಗಿಟ್ಟು, ಬೆರಳಿನಿಂದಲೇ ತೊಳೆದಳು. ಮಗು ತೊಳೆದ ಹಾಗೆ. ನೀರು ಚರಂಡಿಗೆ ಹೋಯಿತು. ಆ ಚರಂಡಿ ಅವಳ ಓಣಿಯ ಕಡೆಗೆ ಹರಿಯುತ್ತಿತ್ತು.

ಸಂಜೆಯೊಳಗೆ ಮಣ್ಣು ಮಾಡಿ ಬಂದರು.

ಮರುದಿನ ಬೂದವ್ವ ಕೆಲಸಕ್ಕೆ ಹೋದಳು. ಮನೆಯಲ್ಲಿ ಕೂತರೆ ಎರಡು ತಟ್ಟೆ ಕಣ್ಣಿಗೆ ಬೀಳುತ್ತಿದ್ದವು. ಮೊಳೆಯಜ್ಜ ಕರಡು ಅಚ್ಚು ತೆಗೆದ ಚೌಕಟ್ಟನ್ನು ತಾನೇ ಹೊತ್ತು ತಂದು ಚಪ್ಪಡಿಯ ಮೇಲಿಟ್ಟ. ತಪ್ಪು ತಿದ್ದುವ ಮುಂಚೆ ಒಮ್ಮೆ ತೊಳೆಯಬೇಕಿತ್ತು. ಅಜ್ಜ ಅವಳ ಮುಖ ನೋಡಲಿಲ್ಲ. ಬೂದವ್ವ ಕುಂಚ ಎತ್ತಿದಳು. ಕಣ್ಣು ರೂಢಿಯಂತೆ ಸಾಲುಗಳ ಮೇಲೆ ಹರಿಯಿತು. ಕೆಳಗೆ, ಮೂಲೆಯಲ್ಲಿ, ಮೂರು ಚಿಕ್ಕ ವಾಕ್ಯ:

ನಮ್ಮ ಮುದ್ರಣಾಲಯದಲ್ಲಿ ನಿನ್ನೆ ಹಾಳೆ ಒದಗಿಸುವ ಕೂಲಿ ಹೆಂಗಸೊಬ್ಬಳು ತನ್ನ ಅಜಾಗರೂಕತೆಯಿಂದ ಯಂತ್ರಕ್ಕೆ ಸಿಲುಕಿ ಮೃತಳಾದಳು. ಯಂತ್ರಕ್ಕೆ ಯಾವ ಹಾನಿಯೂ ಆಗಿಲ್ಲ. ಪತ್ರಿಕೆ ಎಂದಿನಂತೆ ಹೊರಬರುವುದು.

ಒಂದು ಪದ ಅವಳಿಗೆ ಅರ್ಥವಾಗಲಿಲ್ಲ.

"ಅಜ್ಜ, ಈ ಉದ್ದದ ಮಾತು ಏನು?"

ಮೊಳೆಯಜ್ಜ ಬೆಚ್ಚಿದ. "ನೀನು... ನಿನಗೆ ಓದೋಕೆ ಬರುತ್ತಾ?"

"ಏನಂತ ಹೇಳು."

"ಅಂದ್ರೆ... ಅವಳದೇ ತಪ್ಪು ಅಂತ."

ಬೂದವ್ವ ಕುಂಚ ಕೆಳಗಿಟ್ಟಳು. ಒಳಗೆ ಹೋದಳು. ಮೆಟ್ಟಿಲು ಹತ್ತಿದಳು. ಇಪ್ಪತ್ತೆರಡು ವರ್ಷದಲ್ಲಿ ಆ ಮೆಟ್ಟಿಲ ಮೇಲೆ ಅವಳು ಕಾಲಿಟ್ಟಿರಲಿಲ್ಲ. ಒದ್ದೆ ಪಾದದ ಗುರುತು ಒಂದೊಂದೇ ಮೂಡುತ್ತ ಬಂತು. ಯಾರೋ ತಡೆಯಲು ಬಂದರು, ಅವಳ ಮುಖ ನೋಡಿ ಸರಿದರು.

ಮೇಲೆ ಸಂಪಾದಕ ಕೂತಿದ್ದ. ಪತ್ರಿಕೆಯೂ ಅವನದೇ, ಯಂತ್ರವೂ ಅವನದೇ. ಕೆಟ್ಟ ಬಾಯಿಯವನಲ್ಲ, ಕೈ ಎತ್ತಿದವನಲ್ಲ. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಪತ್ರಿಕೆಯ ಮೊದಲ ಸಂಚಿಕೆ. ಅದರ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ 'ಬಾಯಿಲ್ಲದವರ ಬಾಯಿ' ಅಂತ ಇತ್ತು. ಆ ಮೊಳೆಗಳನ್ನು ಅವಳು ಎಷ್ಟು ಸಾವಿರ ಸಲ ತೊಳೆದಿದ್ದಳೋ.

"ಬಾಮ್ಮ. ನಿನ್ನ ದುಃಖ ನನಗೆ ಅರ್ಥವಾಗುತ್ತೆ" ಅಂದ ಅವನು.

"ದುಃಖದ ಮಾತಿಗೆ ಬಂದಿಲ್ಲ ಧಣಿ. ಒಂದು ಪದದ ಮಾತಿಗೆ ಬಂದೆ. ಅವಳದೇ ತಪ್ಪು ಅಂತ ಹಾಕ್ಸಿದೀರಿ. ಅದನ್ನ ತೆಗೆಸಿ."

ಸಂಪಾದಕ ಲೇಖನಿ ಕೆಳಗಿಟ್ಟ. "ನೋಡಮ್ಮ. ಹಲಗೆ ಇರಲಿಲ್ಲ ಅಂತ ಬರೆದ್ರೆ ನಾಳೆ ಕೋರ್ಟಿನವರು ಬರ್ತಾರೆ. ಪತ್ರಿಕೆ ಮುಚ್ಚುತ್ತೆ. ಅರವತ್ತು ಮನೆ ಬೀದಿಗೆ ಬೀಳುತ್ತೆ."

"ಹಲಗೆ ವಿಷಯ ಬರೀಬೇಡಿ. ಯಾರನ್ನೂ ಬೈಬೇಡಿ. ಸತ್ತಳು ಅಂತ ಬರೀರಿ. ಆ ಒಂದು ಪದ ಇಲ್ದಿದ್ರೆ ಸಾಕು."

"ಆ ಪದ ಇಲ್ಲದಿದ್ರೆ, ಹೇಗೆ ಸತ್ತಳು ಅಂತ ಜನ ಕೇಳ್ತಾರೆ."

"ಕೇಳ್ಲಿ ಬಿಡಿ."

ಅವನು ಕಿಟಕಿಯಾಚೆ ನೋಡಿದ. "ನಾಲ್ಕು ದಿನ ಹೋದ್ರೆ ಯಾರಿಗೂ ನೆನಪಿರಲ್ಲಮ್ಮ ಇದು."

"ಬಾಯಿಮಾತು ಗಾಳಿ, ಅಚ್ಚಿನ ಮಾತು ಕಲ್ಲು ಅಂತ ಮೊನ್ನೆ ಇಪ್ಪತ್ತೈದು ವರ್ಷ ತುಂಬಿದ ದಿನ ಭಾಷಣ ಮಾಡಿದ್ರಲ್ಲ ಧಣಿ, ಅಂಗಳದಲ್ಲಿ ನಿಂತು. ನಾನು ಹಿಂದೆ ನಿಂತು ಕೇಳಿಸ್ಕೊಂಡೆ."

ಆಗ ಅವನ ಮುಖ ಬದಲಾಯಿತು. ಏನೋ ಹೊಳೆದವನ ಹಾಗೆ ಮುಂದಕ್ಕೆ ಬಾಗಿದ. "ಒಂದು ನಿಮಿಷ. ಪತ್ರಿಕೆ ಇನ್ನೂ ಹೊರಗೆ ಬಂದಿಲ್ಲ. ನಿನಗೆ ಯಾರು ಓದಿ ಹೇಳಿದ್ದು?"

"ನಾನೇ ಓದ್ದೆ."

"ಸುಳ್ಳು ಹೇಳ್ಬೇಡ. ಮೊಳೆಯಜ್ಜನಾ?"

"ನಾನೇ ಓದ್ದೆ ಅಂದ್ನಲ್ಲ."

ಸೊಸೆ ಸತ್ತದ್ದಕ್ಕೆ ಕಾಣದ ಗಾಬರಿ ಈಗ ಅವನ ಕಣ್ಣಲ್ಲಿ ಕಂಡಿತು. ಇಷ್ಟು ವರ್ಷ ಹಿತ್ತಿಲಲ್ಲಿ ಕೂತು ಈ ಹೆಂಗಸು ಎಲ್ಲವನ್ನೂ ಓದುತ್ತಿತ್ತೇ? ಮೇಸ್ತ್ರಿಯನ್ನು ಕೂಗಿದ. ಬೂದವ್ವ ತಿರುಗಿ ಮೆಟ್ಟಿಲಿಳಿದಳು.

ಚಪ್ಪಡಿಯ ಮೇಲೆ ಚೌಕಟ್ಟು ಹಾಗೇ ಇತ್ತು. ಅಲ್ಲೇ ಮೊಳೆಯಜ್ಜನ ಕೈಮೊಳೆ, ಅವನು ತಪ್ಪಾದ ಅಕ್ಷರ ಎಬ್ಬಿಸುವ ಚೂಪು ಕಡ್ಡಿ, ಬಿದ್ದಿತ್ತು. ಬೂದವ್ವ ಚೌಕಟ್ಟಿನ ಬಿಗಿ ಸಡಿಲಿಸಿದಳು. ಆ ಪದದ ಒಂದೊಂದೇ ಅಕ್ಷರ ಎಬ್ಬಿಸಿ ಕಿತ್ತಳು. ಕಿತ್ತು ಕಿತ್ತು ಚರಂಡಿಗೆ ಎಸೆದಳು.

"ಏಯ್! ಹುಚ್ಚು ಹಿಡೀತಾ ನಿನಗೆ?" ಮೇಸ್ತ್ರಿ ಓಡಿ ಬಂದ. "ಬಿಡು ಅದನ್ನ! ತೊಳಿ ಮೊದ್ಲು!"

"ತೊಳೆಯಲ್ಲ."

"ಏನಂದೆ?"

"ನಿನ್ನೆ ಅವಳ ರಕ್ತ ತೊಳ್ದೆ. ಇವತ್ತು ಈ ಮಾತು ತೊಳ್ದು ಹೊಳಪು ಮಾಡಿ ಕೊಡ್ಬೇಕಾ ನಾನು? ತೊಳೆಯಲ್ಲ. ನಿನ್ನ ಕೈಯಿಂದ ತೊಳ್ಕೋ. ಬೂದಿನೀರು ಕಾದಿದೆ, ಅದ್ದು ಕೈ."

ಮೇಸ್ತ್ರಿ ಕೈ ಎತ್ತಿದ. ಬೂದವ್ವ ಕದಲಲಿಲ್ಲ. ಎತ್ತಿದ ಕೈ ಹಾಗೇ ನಿಂತು, ಕೆಳಗಿಳಿಯಿತು. ಹಾಳೆ ಕೊಡುವ ನಾಲ್ವರು ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹಲಗೆ ಕಿತ್ತದ್ದು ಅವರೂ ಕಂಡವರೇ. ಒಬ್ಬಳು ಬಾಯಿ ತೆರೆದಳು. ಪಕ್ಕದವಳು ಅವಳ ಕೈ ಒತ್ತಿದಳು. ಬಾಯಿ ಮುಚ್ಚಿತು.

"ಅಜ್ಜ, ಆ ಪದ ಮತ್ತೆ ಜೋಡ್ಸು" ಅಂದ ಮೇಸ್ತ್ರಿ.

ಮೊಳೆಯಜ್ಜ ಖಾನೆಗಳ ಮುಂದೆ ಹೋಗಿ ನಿಂತ. ಅವನ ಬೆನ್ನು ಕಾಣುತ್ತಿತ್ತು. ಕೈ ಆಡಲಿಲ್ಲ. ಬೂದವ್ವ ಆ ಬೆನ್ನನ್ನೇ ನೋಡಿದಳು. ಆಮೇಲೆ ಕೈ ಆಡಿತು. ಅಕ್ಷರಕ್ಕೇನು ಬರವೇ? ಖಾನೆಯ ತುಂಬ ಇದ್ದವು. ಅವಳು ಅಷ್ಟು ಹೊತ್ತು ಕಿತ್ತದ್ದನ್ನು ಅವನು ಹತ್ತು ಎಣಿಸುವಷ್ಟರಲ್ಲಿ ಜೋಡಿಸಿ ಮುಗಿಸಿದ.

"ಮನೇಲಿ ಆರು ಬಾಯಿ ಕಣೇ ತಾಯಿ" ಅಂದ, ತಿರುಗದೆ.

ಅವಳನ್ನು ಕೆಲಸದಿಂದ ತೆಗೆದು ಹೊರಗೆ ಕಳಿಸಿದರು. ಹೋಗುವಾಗ ಯಂತ್ರದ ಕಡೆ ಕಣ್ಣು ಹೋಯಿತು. ಹಲಗೆ ಅದರ ಜಾಗಕ್ಕೆ ಬಂದಿತ್ತು. ಬಡಿದ ಕಬ್ಬಿಣದ ಮೊಳೆಗಳು ಹೊಸವು, ಫಳಫಳ ಹೊಳೆಯುತ್ತಿದ್ದವು.

ಪತ್ರಿಕೆ ಎಂದಿನಂತೆ ಹೊರಬಂತು.

ಓಣಿಯ ತುದಿಯ ಚಹದಂಗಡಿಯಲ್ಲಿ ಒಬ್ಬ ಓದುತ್ತಿದ್ದ, ಹತ್ತು ಜನ ಕೇಳುತ್ತಿದ್ದರು. ಆ ಹತ್ತು ಜನರಲ್ಲಿ ಸೊಸೆಯ ಹೆಣಕ್ಕೆ ಹೆಗಲು ಕೊಟ್ಟವರಿದ್ದರು. ಮೊದಲ ದಿನ ಅವರು "ಥೂ, ಸುಳ್ಳು" ಅಂತ ಉಗಿದರು. ನಾಲ್ಕನೇ ದಿನ "ಏನಾಯ್ತೋ ಏನೋ" ಅಂದರು. ಹತ್ತನೇ ದಿನ ನೀರಿನ ಕಟ್ಟೆಯಲ್ಲಿ ಒಬ್ಬಳು ಬೂದವ್ವನ ಕಿವಿಗೆ ಬೀಳುವ ಹಾಗೆಯೇ ಅಂದಳು: "ಪಾಪ, ಒಳ್ಳೇ ಹುಡುಗಿ. ಸ್ವಲ್ಪ ನೋಡ್ಕೊಂಡು ಮಾಡ್ಬೇಕಿತ್ತು."

ಬೂದವ್ವ ಕೊಡ ಅಲ್ಲೇ ಬಿಟ್ಟು ಬಂದಳು. ಜಗಳಕ್ಕೂ ತ್ರಾಣವಿರಲಿಲ್ಲ.

ತಿಂಗಳಾದ ಮೇಲೆ ಸೊಸೆಯ ಬಟ್ಟೆಬರೆ ಗಂಟು ಕಟ್ಟಿಕೊಂಡು ನದಿ ದಾಟಿದಳು. ಬೀಗಿತ್ತಿಯ ಮುಖ ನೋಡುವುದಕ್ಕೆ ಅಷ್ಟು ದಿನ ಧೈರ್ಯ ಬೇಕಾಗಿತ್ತು. ಸಾವಿನ ಸುದ್ದಿ ಓಣಿಯವನೊಬ್ಬನ ಕೈಯಲ್ಲಿ ಹೇಳಿಕಳಿಸಿದ್ದಷ್ಟೇ. ಬೀಗಿತ್ತಿ ಬಂದು ಮುಟ್ಟುವಷ್ಟರಲ್ಲಿ ಮಣ್ಣಾಗಿ ಎರಡು ದಿನ ಕಳೆದಿತ್ತು. ಬಂದವಳು ಮಣ್ಣಗುಡ್ಡೆಯ ಹತ್ತಿರವೇ ಕೂತು, ಓಣಿಗೂ ಬಾರದೆ ಹಾಗೇ ತಿರುಗಿ ಹೋಗಿದ್ದಳು.

ಬೀಗಿತ್ತಿ ಅಂಗಳದಲ್ಲಿ ನಾರು ಹೊಸೆಯುತ್ತಿದ್ದಳು. ಗಂಟು ನೋಡಿದಳು, ಬೂದವ್ವನನ್ನು ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡೇ ಬಂದಿದ್ದಳು ಬೂದವ್ವ. ಹೊಡೆದರೆ ಒಳ್ಳೆಯದೆಂದೂ ಅಂದುಕೊಂಡಿದ್ದಳು. ಬೀಗಿತ್ತಿ ಎದ್ದು ನೀರು ತಂದುಕೊಟ್ಟಳು.

"ಒಳಗೆ ಬಾ. ಒಂದು ತೋರಿಸ್ಬೇಕು ನಿನಗೆ."

ಒಳಗೆ ಒಂದೇ ಕೋಣೆ. ಒಲೆಯ ಎದುರಿನ ಗೋಡೆಯಲ್ಲಿ, ಎದೆಯೆತ್ತರದಲ್ಲಿ, ಕೈಯಗಲದ ಒಂದು ಕಾಗದ. ಹಿಟ್ಟಿನ ಅಂಟಿನಿಂದ ನಾಲ್ಕು ಮೂಲೆಯನ್ನೂ ನೀಟಾಗಿ ಅಂಟಿಸಿತ್ತು. ಹೊಗೆ ತಾಗದಿರಲೆಂದು ಮೇಲೆ ಒಂದು ತುಂಡು ಬಟ್ಟೆಯ ಪರದೆ. ಬೀಗಿತ್ತಿ ಪರದೆ ಸರಿಸಿದಳು.

"ಅಂಗಡಿಯವನು ಕತ್ತರಿಸಿ ಕೊಟ್ಟ. 'ನಿನ್ನ ಮಗಳ ಸುದ್ದಿ ಪೇಪರ್‌ನಲ್ಲಿ ಬಂದಿದೆ, ಇಟ್ಕೋ' ಅಂದ. ಓದಿ ಹೇಳಪ್ಪ ಅಂದ್ರೆ, ಗಿರಾಕಿ ಇದಾರೆ ಆಮೇಲೆ ಅಂದ. ಮೂರು ಸಲ ಹೋದೆ. ಮೂರು ಸಲವೂ ಗಿರಾಕಿ." ಅವಳು ಕಾಗದದ ಮೇಲೆ ಬೆರಳಾಡಿಸಿದಳು. "ನಮ್ಮ ವಂಶದಲ್ಲಿ ಯಾರ ಸುದ್ದಿ ಅಚ್ಚಾಗಿತ್ತು ಹೇಳು? ಹುಟ್ಟಿದ್ದು ಗೊತ್ತಿಲ್ಲ, ಸತ್ತಿದ್ದು ಗೊತ್ತಿಲ್ಲ. ನನ್ನ ಮಗಳದೊಂದು ಬಂತು. ನಿನಗೆ ಓದು ಬರುತ್ತೆ ಅಂತ ಅವಳೇ ಹೇಳಿದ್ಲು. ಓದು."

ಬೂದವ್ವ ಗೋಡೆಯ ಮುಂದೆ ನಿಂತಳು. ಓದುವ ಅಗತ್ಯವಿರಲಿಲ್ಲ. ಮೂರು ವಾಕ್ಯವೂ ಎದೆಯಲ್ಲಿ ಕೊರೆದಂತಿದ್ದವು.

"ಓದೇ."

"ನಮ್ಮ ಮುದ್ರಣಾಲಯದಲ್ಲಿ" ಅಂತ ಶುರುಮಾಡಿದಳು ಬೂದವ್ವ. "ನಮ್ಮ ಮುದ್ರಣಾಲಯದಲ್ಲಿ ಹಾಳೆ ಕೊಡುವ ಹುಡುಗಿಯೊಬ್ಬಳು ನಿನ್ನೆ ಸತ್ತಳು. ಯಂತ್ರದ ಹಲಗೆಯನ್ನು ಮೇಸ್ತ್ರಿ ಕಿತ್ತಿಟ್ಟಿದ್ದ. ಹಾಕಿಸಿ ಅಂತ ಅವಳು ಎರಡು ಸಲ ಕೇಳಿದಳು. ಹಾಕಿಸಲಿಲ್ಲ. ಅವಳದು ಏನೂ ತಪ್ಪಿಲ್ಲ. ಅವಳು ಚುರುಕಾದ ಹುಡುಗಿ. ಅವಳಿದ್ದ ಕಡೆ ನಗು ಇರುತ್ತಿತ್ತು. ಅವಳಿಗೆ ಇಪ್ಪತ್ತಮೂರು ವರ್ಷ."

ಬೀಗಿತ್ತಿ ಕಣ್ಣು ಮುಚ್ಚಿ ಕೇಳಿದಳು. ಕೆನ್ನೆಯ ಮೇಲೆ ನೀರಿಳಿಯಿತು. "ಅಷ್ಟೆಲ್ಲ ಬರ್ದಿದಾರಾ?" ಅಂದಳು. ಕಾಗದಕ್ಕೆ ಎರಡೂ ಕೈ ಮುಗಿದಳು. "ಆ ಪುಣ್ಯಾತ್ಮ ಯಾರೋ. ದೊಡ್ಡವರಾದ್ರೂ ನಿಜ ಬರೆದ್ರಲ್ಲ. ಅವರ ಹೊಟ್ಟೆ ತಣ್ಣಗಿರ್ಲಿ. ಅವರ ಮಕ್ಕಳು ನೂರು ವರ್ಷ ಬಾಳ್ಲಿ."

ಬೂದವ್ವನ ಮೈ ಉರಿಯಿತು. ಮೆಟ್ಟಿಲ ಮೇಲಿನ ಆ ಕೋಣೆ, ಆ ಮೆತ್ತನೆಯ ಮಾತು, ಕಿಟಕಿಯಾಚೆ ನೋಡಿದ ಆ ಕಣ್ಣು. ಈ ತಾಯಿಯ ಹರಕೆ ಅವನಿಗೆ ಹೋಗುವುದೇ?

"ಕೈ ಮುಗೀಬೇಡ!" ಅಂದಳು. ಬೀಗಿತ್ತಿಯ ಎರಡೂ ಕೈ ಹಿಡಿದು ಬಿಡಿಸಿದಳು. "ಮುಗೀಬೇಡ ಕಣೇ. ಅವನು ಬರ್ದಿಲ್ಲ ಅದನ್ನ. ನಾನು ಹೇಳಿದ್ದು ಅದು. ಇದರಲ್ಲಿ ಬೇರೆ ಇದೆ."

"ಏನಿದೆ?"

"ಅವಳದೇ ತಪ್ಪು ಅಂತಿದೆ. ಯಂತ್ರಕ್ಕೇನೂ ಆಗಿಲ್ಲ ಅಂತಿದೆ."

ತಿಂಗಳಿಡೀ ಬೀಗಿತ್ತಿ ಬೆಳಿಗ್ಗೆ ಎದ್ದು ಮೊದಲು ಮುಖ ನೋಡಿದ್ದು ಆ ಕಾಗದದ್ದೇ. ಅದನ್ನೇ ನೋಡುತ್ತ ನಿಂತಳು. "ಮತ್ತೆ, ಹಲಗೆ?"

"ಹಲಗೆ ನಿಜ. ಎರಡು ಸಲ ಕೇಳಿದ್ದು ನಿಜ. ನಾನು ಹೇಳಿದ್ದೆಲ್ಲ ನಿಜ. ಅಚ್ಚಾಗಿದ್ದು ಸುಳ್ಳು. ಅವಳನ್ನ ಅಲ್ಲಿಗೆ ಸೇರ್ಸಿದ್ದು ನಾನು, ಅದೂ ನಿಜ. ನನ್ನ ಉಡಿಗೆ ಹಾಕಿದ್ದೆ ನೀನು."

ಬೀಗಿತ್ತಿ ಗೋಡೆಗೆ ಕೈ ಹಾಕಿದಳು. ಮೂಲೆ ಹಿಡಿದು ಎಳೆದಳು. ಹಿಟ್ಟಿನ ಅಂಟು ಕಲ್ಲಾಗಿತ್ತು. ಕಾಗದ ಚೂರು ಚೂರಾಗಿ ಬಂತೇ ಹೊರತು ಪೂರ್ತಿ ಬರಲಿಲ್ಲ. ಉಗುರಿನಿಂದ ಕೆರೆದಳು. ಬೂದವ್ವನೂ ಕೆರೆಯಲು ಹೋದಳು. ಅವಳಿಗೆ ಉಗುರಿರಲಿಲ್ಲ. ಒಲೆಯ ಹತ್ತಿರದ ಚಮಚ ತಂದಳು. ಇಬ್ಬರೂ ನಿಂತು ಕೆರೆದರು. ಗೋಡೆಯ ಸುಣ್ಣ ಉದುರಿತು, ಮಣ್ಣು ಉದುರಿತು. ಕೆರೆದಷ್ಟೂ ಅಲ್ಲಲ್ಲಿ ಕಪ್ಪು ಉಳಿಯಿತು. ಕೊನೆಗೆ ಬೀಗಿತ್ತಿಯ ಕೈ ಸೋತಿತು. ಗೋಡೆಗೆ ಬೆನ್ನು ಕೊಟ್ಟು ಕುಸಿದಳು. ಬೂದವ್ವ ಪಕ್ಕದಲ್ಲಿ ಕೂತಳು.

ಬಹಳ ಹೊತ್ತು ಇಬ್ಬರೂ ಅತ್ತರು. ಅಕ್ಕಪಕ್ಕದವರು ಬಾಗಿಲಲ್ಲಿ ಬಂದು ನಿಂತರು.

ಬೀಗಿತ್ತಿ ಮೂಗು ಒರೆಸಿಕೊಂಡಳು. "ಮೊದ್ಲು ಓದಿದ್ಯಲ್ಲ" ಅಂದಳು. "ಅದನ್ನ ಇನ್ನೊಂದ್ಸಲ ಹೇಳು."

"ಕಾಗದ ಇಲ್ವಲ್ಲೇ."

"ಕಾಗದ ಬೇಡ. ಬಾಯಲ್ಲೇ ಹೇಳು. ಸ್ವಲ್ಪ ಗಟ್ಟಿಯಾಗಿ ಹೇಳು, ಇವರಿಗೂ ಕೇಳ್ಲಿ."